ಬುದ್ಧನಿಗೆ ವಿಶ್ವಾತ್ಮ ಅಂಟಿಸುವ ಮೊದಲು

ಆತ್ಮೀಯರೇ,

ನಿಮ್ಮ ‘ಬುದ್ಧನ ವಿಶ್ವಾತ್ಮ’ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಕೈಬಿಡಲೂ ಮನಸ್ಸಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಎಲ್ಲ ಜೀವಿಗಳೊಳಗೂ ಇರುವುದು ಒಂದೇ ಆತ್ಮ, ಅದೇ ವಿಶ್ವಾತ್ಮ, ಬುದ್ಧ ಹೇಳಿದ್ದೂ ಅದನ್ನೇ ಅಂತ ಮೊದಲ ಪುಟದಲ್ಲೇ ತೀರ್ಪು ಕೊಟ್ಟುಬಿಟ್ಟಿದ್ದೀರಿ. ಹಾಗಾದರೆ ಸಾರನಾಥದಲ್ಲಿ ಐವರು ಭಿಕ್ಷುಗಳಿಗೆ ಹೇಳಿದ ಅನತ್ತಲಕ್ಖಣ ಸುತ್ತವನ್ನು, ಅಂದರೆ ಅನಾತ್ಮದ (ಯಾವುದೂ ಆತ್ಮವಲ್ಲ ಎಂಬ) ಉಪದೇಶವನ್ನು, ಏನು ಮಾಡುತ್ತೀರಿ? ಮೈ, ಅನುಭವ, ಗುರುತಿಸುವಿಕೆ, ಸಂಸ್ಕಾರ, ಅರಿವು, ಒಂದೊಂದನ್ನೂ ಮುಂದಿಟ್ಟು ‘ಇದು ನನ್ನದಲ್ಲ, ಇದು ನಾನಲ್ಲ, ಇದು ನನ್ನ ಆತ್ಮವಲ್ಲ’ ಎಂದು ಕಾಣಬೇಕು ಅನ್ನುತ್ತಾನೆ ಬುದ್ಧ. ನಿಮ್ಮ ವಾದಕ್ಕೆ ಇದೇ ದೊಡ್ಡ ಅಡ್ಡಿ. ಲೇಖನದಲ್ಲಿ ಅದರ ಸುಳಿವೇ ಇಲ್ಲ!

ನೀವು ನೆಚ್ಚಿಕೊಂಡಿರುವ ‘ಆಲಯವೇ ವಿಶ್ವಾತ್ಮ’ ಎಂಬ ಮಾತು ಹತ್ತೊಂಬತ್ತನೆಯ ಶತಮಾನದ ಥಿಯಾಸಫಿ ಪಂಥದ್ದು. ಅದರ ಸ್ಥಾಪಕರಲ್ಲೊಬ್ಬರಾದ ಬ್ಲಾವಟ್‌ಸ್ಕಿ 1888ರ ‘ದಿ ಸೀಕ್ರೆಟ್ ಡಾಕ್ಟ್ರಿನ್’ನಲ್ಲಿ ಹಾಗೆ ಬರೆದರು. ಯೋಗಾಚಾರ ಎಂಬ ಬೌದ್ಧ ಪಂಥದ ಗುರುಗಳಾದ ಅಸಂಗ, ವಸುಬಂಧು ಹೇಳುವ ಆಲಯವಿಜ್ಞಾನ (ಮನಸ್ಸಿನ ಆಳದ ಅರಿವು) ಬೇರೆಯೇ. ಅದು ಒಬ್ಬೊಬ್ಬರಲ್ಲೂ ಬೇರೆಯಾಗಿ ಹರಿಯುತ್ತದೆ, ಕರ್ಮದ ಬೀಜ ಹೊತ್ತಿರುತ್ತದೆ, ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಅದನ್ನು ಆತ್ಮ ಅಂದುಕೊಳ್ಳುವುದೇ ಭ್ರಮೆ ಅನ್ನುತ್ತಾರೆ ಅವರು.

ನಿಮಗೆ ಒತ್ತಾಸೆ ಬೇಕಿದ್ದರೆ ತಥಾಗತಗರ್ಭದ, ಅಂದರೆ ಎಲ್ಲ ಜೀವಿಗಳಲ್ಲೂ ಬುದ್ಧನಾಗುವ ಬೀಜವಿದೆ ಎಂಬ ಮಾತಿನ, ಕಡೆ ಹೋಗಿ. ಮಹಾಯಾನದ ಮಹಾಪರಿನಿರ್ವಾಣ ಸೂತ್ರ ಅದನ್ನು ಆತ್ಮ ಅಂತಲೇ ಕರೆಯುತ್ತದೆ. ಲಂಕಾವತಾರ ಸೂತ್ರದಲ್ಲಿ ಮಹಾಮತಿ ಎಂಬ ಬೋಧಿಸತ್ವ ಬುದ್ಧನನ್ನು ಕೇಳುತ್ತಾನೆ: ಈ ತಥಾಗತಗರ್ಭ ಬೇರೆ ಮತದವರ ಆತ್ಮವಾದವೇ ಅಲ್ವಾ? ಅಲ್ಲ, ಅನಾತ್ಮ ಅಂದರೆ ಹೆದರುವವರ ಭಯ ಬಿಡಿಸಲು ಹೀಗೆ ಹೇಳಿದ್ದು ಎಂದು ಉತ್ತರ ಬರುತ್ತದೆ. ಬೌದ್ಧರೊಳಗೇ ಇಂಥ ಜಗಳವಿದೆ. ಅದನ್ನು ಬರೆಯಿರಿ, ನಾನು ಖುಷಿಯಿಂದ ಓದುತ್ತೇನೆ.

ನಮ್ಮ ಮೊಳಕಾಲ್ಮೂರು ಕಡೆಯ ಬ್ರಹ್ಮಗಿರಿಯನ್ನು ತಂದಿದ್ದು ಒಳ್ಳೆಯದಾಯಿತು. ಆದರೆ ಅಲ್ಲಿನ ಅಶೋಕನ ಶಾಸನ ‘ವಿಶ್ವಾತ್ಮವನ್ನು ಸಾರುತ್ತದೆ’ ಅಂತ ಸುಮ್ನೆ ಬರೆದಿದ್ದೀರಿ. ಅಶೋಕ ಅಲ್ಲಿ ತಾನು ಉಪಾಸಕನಾಗಿ ಪಟ್ಟ ಪ್ರಯತ್ನ ಹೇಳಿಕೊಳ್ಳುತ್ತಾನೆ. ಆಮೇಲೆ ತಂದೆತಾಯಿಯ ಮಾತು ಕೇಳಬೇಕು, ಜೀವಿಗಳ ಮೇಲೆ ದಯೆ ಇರಬೇಕು, ನಿಜ ಹೇಳಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು. ಕೊನೆಗೆ ಬರೆದವನು ಚಪಡ ಅಂತ ಹೆಸರಿದೆ. ವಿಶ್ವಾತ್ಮ ಎಲ್ಲೂ ಇಲ್ಲ. ಆದರೂ ನೀವು ಆ ಬಂಡೆಯ ಮುಂದೆ ನಿಂತ ಪ್ಯಾರಾದಲ್ಲಿ ಜೀವವಿದೆ. ಅದನ್ನು ಬೆಳೆಸಿ.

ಇನ್ನು ಅಲೆ-ಸಮುದ್ರದ ಹೋಲಿಕೆ ಮೂರು ಸಲ ಬಂದಿದೆ. ಮಳೆಗೇ ಬಾಯಿಬಿಡುವ ನಮ್ಮ ಜಿಲ್ಲೆಯಲ್ಲಿ ಕೂತು ಅಷ್ಟೊಂದು ಸಮುದ್ರ ಯಾಕ್ರೀ?

ಹನ್ನೆರಡು ಪುಟ ಜಾಸ್ತಿ. ಐದಕ್ಕೆ ಇಳಿಸಿ. ಯಾವ ಮಾತು ಯಾವ ಗ್ರಂಥದ್ದು ಅಂತ ಅಲ್ಲಲ್ಲೇ ಹೇಳಿ. ದೀಪಾವಳಿ ಸಂಚಿಕೆಗೆ ಇನ್ನೂ ಸಮಯವಿದೆ.

ಸಂಪಾದಕ,
ಚಿತ್ರದುರ್ಗ