ಪಾತ್ರ ಸಿಗದೆ ಮಂಕಾದ ಯಜಮಾನ್ರು: ಒಂದು ಆಪ್ತಸಲಹೆ ಪ್ರಕರಣ

ನನ್ನ ಹತ್ರ ಆಪ್ತಸಲಹೆಗೆ ಬಂದಿದ್ದ ಒಂದು ಮನೆಯವ್ರ ಕತೆ ಇದು, ಅವ್ರನ್ನ ಕೇಳಿ, ಅವ್ರು ಸರಿ ಅಂದ್ಮೇಲೇನೇ ಬರೀತಿದ್ದೀನಿ. ವಯಸ್ಸು, ಊರು, ಮನೆ ವಿವರ ಎಲ್ಲ ಗುರುತು ಸಿಗದ ಹಾಗೆ ಬದಲಾಯಿಸಿದ್ದೀನಿ. ತುಮಕೂರು ಜಿಲ್ಲೆಯಲ್ಲಿ ಇಂಥ ಮನೆಗಳು ಎಷ್ಟೋ ಇವೆ, ಓದಿದವ್ರಿಗೆ ನಮ್ಮ ಮನೇದೇ ಕತೆ ಅನ್ನಿಸಿದ್ರೆ ಆಶ್ಚರ್ಯ ಇಲ್ಲ.

ಯಜಮಾನ್ರಿಗೆ ಅರವತ್ತರ ಮೇಲಾಗಿದೆ, ಗುಬ್ಬಿ ಕಡೆ ಹಳ್ಳಿಯವ್ರು. ಒಂದಷ್ಟು ತೆಂಗು, ಅಡಿಕೆ, ಮಳೆ ಬಿದ್ರೆ ರಾಗಿ. ಮಂಡಿ ನೋವು ಜಾಸ್ತಿ ಆಯ್ತು ಅಂತ ಜಮೀನು ವಾರಕ್ಕೆ, ಅಂದ್ರೆ ಪಾಲಿಗೆ ಕೊಟ್ಟು, ಗಂಡ ಹೆಂಡ್ತಿ ಇಬ್ರೂ ತುಮಕೂರಲ್ಲಿ ಶಿರಾ ಗೇಟ್ ಕಡೆ ಇರೋ ಮಗನ ಬಾಡಿಗೆ ಮನೆಗೆ ಬಂದಿದ್ರು. ಮಗ ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ಕೆಲಸ, ಶಿಫ್ಟ್ ಡ್ಯೂಟಿ. ಬಂದು ಒಂದು ವರ್ಷದಲ್ಲಿ ಯಜಮಾನ್ರು ಮಾತು ಬಿಟ್ರು, ಊಟ ಕಮ್ಮಿ ಆಯ್ತು, ರಾತ್ರಿ ಮೂರು ಗಂಟೆಗೆ ಎದ್ದು ಸುಮ್ನೆ ಹಾಲಲ್ಲಿ ಕೂತ್ಕೊಳೋದು, ಟಿವಿ ಹಾಕಿದ್ರೂ ನೋಡಲ್ಲ, ಮೊಮ್ಮಗಳು ಬಂದು ತೊಡೆ ಮೇಲೆ ಕೂತ್ರೂ ಮುಖ ಅರಳಲ್ಲ. ಅಮ್ಮ, ಅಂದ್ರೆ ಯಜಮಾನ್ರ ಹೆಂಡ್ತಿ, ಗೊರವನಹಳ್ಳಿ ಲಕ್ಷ್ಮಿ ಗುಡಿಗೆ ಹೋಗಿ ಹರಕೆ ಕಟ್ಕೊಂಡು ಬಂದಿದ್ರು. ಮಗ ದಿನಾ ಬೆಳಗ್ಗೆ ಅಮಾನಿಕೆರೆ ಹತ್ರ ವಾಕಿಂಗಿಗೆ ಕರ್ಕೊಂಡು ಹೋಗ್ತಿದ್ದ. "ಎರಡು ಸುತ್ತು ಹಾಕಿ ಬೆಂಚ್ ಮೇಲೆ ಕೂತ್ಬಿಡ್ತಾರೆ ಮೇಡಂ, ಏನ್ ಕೇಳಿದ್ರೂ ಏನೂ ಬೇಡಪ್ಪ ಅಂತಾರೆ" ಅಂದ.

ಈ "ಏನೂ ಬೇಡ" ಅನ್ನೋದನ್ನ ನಾವು ಹಗುರವಾಗಿ ತಗೊಳಲ್ಲ. ವಯಸ್ಸಾಯ್ತು ಬಿಡಿ ಅಂತ ಮನೆಯವ್ರು ಅಂದ್ಕೊಳೋದು ಬಹಳ ಸಲ ಖಿನ್ನತೆ ಆಗಿರುತ್ತೆ. ಅದಕ್ಕೇ ಮೊದಲು ಥೈರಾಯ್ಡ್, ಬಿ12, ಶುಗರ್, ಹಿಮೋಗ್ಲೋಬಿನ್ ಟೆಸ್ಟ್ ಮಾಡ್ಸೋಕೆ ಹೇಳ್ದೆ. ಖಿನ್ನತೆಯ ಒಂಬತ್ತು ಪ್ರಶ್ನೆಗಳ ಪಟ್ಟಿ ಇರುತ್ತಲ್ಲ, ಅದನ್ನ ಓದಿ ಹೇಳಿ ಅವರ ಕೈಯಿಂದಲೇ ತುಂಬಿಸ್ದೆ, 27ಕ್ಕೆ 16 ಬಂತು. 10 ದಾಟಿದ್ರೆನೇ ಗಮನ ಕೊಡ್ಬೇಕು. ಸಾಯೋ ಯೋಚನೆ ಬರುತ್ತಾ ಅಂತ ನೇರವಾಗೇ ಕೇಳ್ದೆ. "ಮಾಡ್ಕೊಳಲ್ಲ ಮೇಡಂ, ಆದ್ರೆ ಬೆಳಗ್ಗೆ ಏಳ್ದೇ ಇದ್ರೂ ಪರವಾಗಿಲ್ಲ ಅನ್ಸುತ್ತೆ" ಅಂದ್ರು. ಸೈಕಿಯಾಟ್ರಿಸ್ಟ್ ಹತ್ರ ಕಳಿಸ್ದೆ, ಮಾತ್ರೆ ಶುರು ಆಯ್ತು. ಆ ಮಾತ್ರೆ ಕೆಲಸ ಮಾಡೋಕೆ ಕೆಲವು ವಾರ ಬೇಕು, ಒಂದು ವಾರಕ್ಕೆ ಏನೂ ಆಗ್ಲಿಲ್ಲ ಅಂತ ನಿಲ್ಲಿಸ್ಬೇಡಿ ಅಂತ ಮಗನಿಗೆ ಒತ್ತಿ ಹೇಳ್ದೆ.

ಮಾತ್ರೆ ಒಂದು ಕಡೆ ಇರ್ಲಿ, ಇವರು ಏನನ್ನ ಕಳ್ಕೊಂಡಿದ್ದಾರೆ ಅನ್ನೋದು ನಂಗೆ ಗೊತ್ತಾಗ್ಬೇಕಿತ್ತು. ಊರು ಬಿಟ್ಟಿದ್ದಾ, ಜಮೀನಾ? ಅಮ್ಮನೇ ಬಾಯಿ ಬಿಟ್ರು, ಅದೂ ಸಿಟ್ಟಲ್ಲಿ. "ಅವ್ರ ನಾಟಕದ ಹುಚ್ಚು ಮೇಡಂ. ಈ ಸಲ ದುರ್ಯೋಧನನ ಪಾತ್ರಕ್ಕೆ 40 ಸಾವಿರ ಕೇಳಿದ್ರು, ಮಗ ಕೊಡಲ್ಲ ಅಂದ. ಅವತ್ತಿಂದ ಹಿಂಗೆ."

ನಮ್ಮ ಕಡೆ ಗೊತ್ತಿಲ್ದೇ ಇರೋವ್ರಿಗೆ ಒಂದು ಮಾತು ಹೇಳ್ಬೇಕು. ತುಮಕೂರು ಸೀಮೆ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಅಂದ್ರೆ ಆಡೋರಿಗೆ ಯಾರೂ ದುಡ್ಡು ಕೊಡಲ್ಲ, ಆಡೋರೇ ದುಡ್ಡು ಕೊಟ್ಟು ಪಾತ್ರ ತಗೊಳ್ತಾರೆ. ದೊಡ್ಡ ಪಾತ್ರಕ್ಕೆ ದೊಡ್ಡ ದುಡ್ಡು. ಡ್ರಾಮಾ ಮೇಷ್ಟ್ರು, ಹಾರ್ಮೋನಿಯಂ, ತಬಲ, ಸೀನರಿ, ಡ್ರೆಸ್ಸು, ಹೆಣ್ಣು ಪಾತ್ರಕ್ಕೆ ಹೊರಗಿಂದ ಬರೋ ಕಲಾವಿದೆಯರು, ಎಲ್ಲದಕ್ಕೂ ಅದೇ ದುಡ್ಡು. ತಿಂಗಳುಗಟ್ಲೆ ರಾತ್ರಿ ಪ್ರಾಕ್ಟೀಸ್, ಆಮೇಲೆ ಒಂದೇ ಒಂದು ರಾತ್ರಿ ಬೆಳಗಾಗೋವರ್ಗೂ ನಾಟಕ, ನಡುವೆ ನೆಂಟರಿಷ್ಟರು ಸ್ಟೇಜ್ ಹತ್ತಿ ಹಾರ ಹಾಕಿ ಶಾಲು ಹೊದಿಸ್ತಾರೆ, ಜನ ಒನ್ಸ್ ಮೋರ್ ಅಂತಾರೆ. ರೈತರು, ಲಾರಿ ಡ್ರೈವರ್‌ಗಳು, ಅಂಗಡಿ ಇಟ್ಕೊಂಡಿರೋರು ಅವತ್ತು ಕಿರೀಟ ಇಟ್ಕೊಂಡು ನಿಲ್ತಾರೆ. ಗುಬ್ಬಿ ಕಂಪನಿ ಶುರು ಆಗಿದ್ದು 1884ರಲ್ಲಿ, ಅದರ ಗುಬ್ಬಿ ವೀರಣ್ಣನವರ ಹೆಸರು ನಾಡಿಗೆಲ್ಲ ಗೊತ್ತು, ಅಂಥಾ ಮಣ್ಣಲ್ಲಿ ನಾಟಕ ಅನ್ನೋದು ಎಲ್ಲೋ ಟಿಕೆಟ್ ತಗೊಂಡು ನೋಡೋ ಕಲೆ ಅಲ್ಲ, ಊರಲ್ಲಿ ಯಾರು ಬೇಕಾದ್ರೂ ಬಣ್ಣ ಹಚ್ಬಹುದು. ಇಷ್ಟು ದೊಡ್ಡ ವಿಷಯ ಇದು, ಹುಚ್ಚು ಅಂತ ತಳ್ಳಿ ಹಾಕೋಕೆ ನಂಗೆ ಮನಸ್ಸು ಬರಲ್ಲ.

ಆದ್ರೆ ಅಮ್ಮನ ಮಾತೂ ಸುಳ್ಳಲ್ಲ. ಮಗ ಪಿಯುಸಿ ಓದೋವಾಗ ಇವರು ಪಾತ್ರಕ್ಕೆ ಅಂತ ಅಮ್ಮನ ಓಲೆ ಅಡ ಇಟ್ಟಿದ್ರು. ಬಿಡಿಸ್ಕೊಟ್ಟಿದ್ದು ವರ್ಷಗಟ್ಲೆ ಆದ್ಮೇಲೆ. ಅಷ್ಟು ದಿನ ನೆಂಟರ ಮದುವೆಗೆಲ್ಲ ಬೇರೆ ಯಾರದ್ದೋ ಓಲೆ ಇಸ್ಕೊಂಡು ಹಾಕ್ಕೊಂಡು ಹೋದೆ ಅಂತ ಹೇಳೋವಾಗ ಅವ್ರ ದನಿ ನಡುಗ್ತಿತ್ತು. "ಇವ್ರಿಗೆ ರಾಜನ ವೇಷ, ನಮಗೆ ಸಾಲ." ಮಗ 40 ಸಾವಿರ ಕೊಡಲ್ಲ ಅಂದಿದ್ದು ಜುಗ್ಗತನಕ್ಕಲ್ಲ, ಅವನಿಗೆ ಆ ಓಲೆ ನೆನಪಿತ್ತು. ಕಲೆ ಬಗ್ಗೆ ಮಾತಾಡೋವಾಗ ಈ ಲೆಕ್ಕವನ್ನ ನಾವು ಸಾಮಾನ್ಯವಾಗಿ ಬಿಟ್ಬಿಡ್ತೀವಿ, ಒಬ್ಬರ ಖುಷಿಗೆ ಮನೆಯಲ್ಲಿ ಇನ್ನೊಬ್ಬರು ಏನು ಕೊಟ್ರು ಅನ್ನೋದನ್ನ. ನಾನು ಇದನ್ನ ಅವ್ರ ಮುಂದೇನೇ ಎತ್ತಿದೆ. ಯಜಮಾನ್ರು ಬಹಳ ಹೊತ್ತು ಸುಮ್ಮನಿದ್ರು, ಆಮೇಲೆ "ಅದು ತಪ್ಪೇ, ಅವತ್ತು ಕೇಳ್ದೆ ತಗೊಂಡೆ" ಅಂದ್ರು. ಅಮ್ಮ ಅವ್ರ ಕಡೆ ನೋಡ್ಲಿಲ್ಲ. ಒಂದೇ ಮಾತಿಗೆ ಅಷ್ಟು ವರ್ಷದ ನೋವು ಹೋಗ್ಬೇಕು ಅಂತ ನಾನೂ ಒತ್ತಾಯ ಮಾಡ್ಲಿಲ್ಲ.

ಮುಂದಿನ ಭೇಟಿಯಲ್ಲಿ ಅವ್ರೊಬ್ಬರನ್ನೇ ಕೂರಿಸ್ಕೊಂಡು ಸ್ಟೇಜ್ ಬಗ್ಗೆ ಕೇಳ್ದೆ. ಮಾತು ಹೊರಡ್ಲಿಲ್ಲ. ಸ್ಟೇಜ್ ದಿನ ಹೊಟ್ಟೆ ಕೆಡುತ್ತೆ, ಕಿರೀಟ ಭಾರ, ಕಂದ ಪದ್ಯ ಮರ್ತುಹೋದ್ರೆ ಅನ್ನೋ ಭಯ, ಇಷ್ಟೇ. ಸರಿ, ಪ್ರಾಕ್ಟೀಸ್ ಹೆಂಗಿರ್ತಿತ್ತು ಹೇಳಿ ಅಂದೆ. ಆಗ ನೋಡಿ, ಕೂತಿದ್ದ ಭಂಗಿನೇ ಬದಲಾಯ್ತು. ಪಾತ್ರ ಬರ್ಕೊಳೋಕೆ ಅಂತ ಇನ್ನೂರು ಪೇಜಿನ ನೋಟ್ ಬುಕ್, ಮಾತು ನೀಲಿ ಇಂಕು, ಹಾಡು ಕಂದ ಎಲ್ಲ ಕೆಂಪು ಇಂಕು, ಎಲ್ಲಿ ಉಸಿರು ತಗೋಬೇಕೋ ಅಲ್ಲಿ ಒಂದು ಚುಕ್ಕಿ. ಮೇಷ್ಟ್ರು ಒಂದು ಮಟ್ಟು, ಅಂದ್ರೆ ಹಾಡಿನ ಧಾಟಿ, ಹಾಕಿಕೊಟ್ರೆ ಅದು ಬಾಯಿಗೆ ಬರೋವರ್ಗೂ ಮೂರು ದಿನ ಅದೇ ಗುನುಗು. ರಾತ್ರಿ ತ್ರೀ ಫೇಸ್ ಕರೆಂಟ್ ಬಂದಾಗ ಮೋಟ್ರು ಹಾಕೋಕೆ ತೋಟಕ್ಕೆ ಹೋಗಿ, ನೀರು ತಿರುಗಿಸ್ಕೊಂಡು, ಬದು ಮೇಲೆ ನಿಂತ್ಕೊಂಡು ಎದೆ ಬಿಚ್ಚಿ ಹಾಡ್ತಿದ್ರಂತೆ, ಯಾರೂ ಇರ್ತಿರ್ಲಿಲ್ಲ. "ಅಲ್ಲಿ ಹಾಡಿದಷ್ಟು ಚೆನ್ನಾಗಿ ಸ್ಟೇಜಲ್ಲಿ ಒಂದು ದಿನನೂ ಹಾಡಿಲ್ಲ ಮೇಡಂ."

ಈ ಪ್ರಕರಣದ ತಿರುಳು ಇದೇ ಅಂತ ನಂಗೆ ಅನ್ಸಿದ್ದು. ಮನೆಯವ್ರೆಲ್ಲ, ಸ್ವತಃ ಅವ್ರೂ ಸೇರಿ, ಕಳ್ಕೊಂಡಿದ್ದು ಆ ಒಂದು ರಾತ್ರಿ ಅಂತ ಅಂದ್ಕೊಂಡಿದ್ರು, ಆದ್ರೆ ಅವ್ರನ್ನ ಇಷ್ಟು ವರ್ಷ ಎತ್ತಿ ನಿಲ್ಲಿಸಿದ್ದು ದಿನಾ ಸ್ವಲ್ಪ ಸ್ವಲ್ಪ ಬರೆಯೋದು, ಗುನುಗೋದು, ತಿದ್ಕೊಳೋದು. ಅದಕ್ಕೆ 40 ಸಾವಿರ ಬೇಕಿಲ್ಲ, ಪಾತ್ರ ಸಿಗ್ಲೇಬೇಕು ಅಂತನೂ ಇಲ್ಲ. ಆದ್ರೆ ಬಾಡಿಗೆ ಮನೆಯಲ್ಲಿ, ಕೆಳಗೆ ಓನರ್ ಇರೋವಾಗ, ಮಗ ನೈಟ್ ಶಿಫ್ಟ್ ಮುಗಿಸಿ ಬಂದು ಮಲಗಿರೋವಾಗ, ಒಬ್ಬ ಗಂಡಸು ಜೋರಾಗಿ ಹಾಡೋ ಜಾಗ ಎಲ್ಲಿದೆ? ಪಾತ್ರ ಇಲ್ಲ ಅಂದ್ಮೇಲೆ ಇವರು ಹಾಡೋದನ್ನೂ ಬಿಟ್ಟಿದ್ರು, ನೋಟ್ ಬುಕ್‌ಗಳನ್ನ ಊರಲ್ಲೇ ಅಟ್ಟದ ಮೇಲೆ ಬಿಟ್ಟು ಬಂದಿದ್ರು.

ನಾನು ಕೊಟ್ಟ ಸಲಹೆ ಹೇಳ್ತೀನಿ. ಮೊದಲ್ನೇದು ನೋಟ್ ಬುಕ್ ತರ್ಸಿ ಅಂದೆ. ದಿನಾ ಬೆಳಗ್ಗೆ ಕಾಫಿ ಆದ್ಮೇಲೆ ಅರ್ಧ ಗಂಟೆ, ಹಳೇ ಪಾತ್ರವನ್ನ ಹೊಸ ಬುಕ್ಕಿಗೆ ಅದೇ ಎರಡು ಇಂಕಲ್ಲಿ ಕಾಪಿ ಮಾಡೋದು, ಒಂದು ಕಂದ ಮೆಲ್ಲಗೆ ಹಾಡ್ಕೊಳೋದು. ಮನಸ್ಸು ಬಂದಾಗ ಮಾಡ್ತೀನಿ ಅಂದ್ರೆ ಖಿನ್ನತೆಯಲ್ಲಿ ಮನಸ್ಸು ಬರೋದೇ ಇಲ್ಲ, ಅದಕ್ಕೇ ಟೈಂ ಮುಖ್ಯ, ಮನಸ್ಸಿಲ್ದೇ ಇದ್ರೂ ಕೂರ್ಬೇಕು, ಕೆಲಸ ಮುಂದೆ ಹೋದ್ರೆ ಮನಸ್ಸು ಹಿಂದೆ ಬರುತ್ತೆ. ಶುರು ಮಾಡೋಕೆ ಮುಂಚೆ ಮನಸ್ಸು ಹೆಂಗಿದೆ ಅಂತ ಹತ್ತಕ್ಕೆ ಒಂದು ನಂಬರ್, ಮುಗಿದ್ಮೇಲೆ ಇನ್ನೊಂದು ನಂಬರ್, ಪೇಜಿನ ಮೂಲೆಯಲ್ಲಿ ಬರೀಬೇಕು. ಮೊದಲ ವಾರ ಎರಡು, ಎರಡು. ಎರಡು, ಮೂರು. ಒಂದು ದಿನ ಎರಡು, ಒಂದು. ಆಮೇಲೆ ನಿಧಾನಕ್ಕೆ ಮೂರು, ಐದು ಬರೋಕೆ ಶುರು ಆಯ್ತು. ಕಂದ ಹಾಡೋವಾಗ ಉಸಿರನ್ನ ಉದ್ದಕ್ಕೆ ಹಿಡಿದು ಬಿಡ್ಬೇಕಾಗುತ್ತಲ್ಲ, ಉಸಿರು ನಿಧಾನವಾಗಿ ಹೊರಗೆ ಹೋದಾಗ ಎದೆಬಡಿತನೂ ಇಳಿಯುತ್ತೆ, ಮೈಗೇ ಸಮಾಧಾನ ಸಿಗುತ್ತೆ.

ಮಗನಿಗೆ ಇದರಲ್ಲಿ ನಂಬಿಕೆ ಇರ್ಲಿಲ್ಲ, ಟೈಂಪಾಸ್ ಅಲ್ವಾ ಇದು ಅಂದ. ತಪ್ಪಿಲ್ಲ, ಪ್ರೂಫ್ ಕೇಳೋ ಹುಡುಗ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಮೂರು ಸಾವಿರಕ್ಕೂ ಹೆಚ್ಚು ಅಧ್ಯಯನಗಳನ್ನ ಸೇರಿಸಿ ಕಲೆ ಮತ್ತು ಆರೋಗ್ಯದ ಬಗ್ಗೆ ವರದಿ ತಂದಿದೆ, ಹಾಡು ನೃತ್ಯ ಚಿತ್ರ ಇವೆಲ್ಲ ಕಾಯಿಲೆ ತಡೆಯೋದ್ರಲ್ಲೂ ಚಿಕಿತ್ಸೆ ಜೊತೆಗೂ ಸಹಾಯ ಮಾಡ್ತವೆ ಅನ್ನೋಕೆ ಅದರಲ್ಲಿ ಆಧಾರ ಇದೆ ಅಂತ ಹೇಳ್ದೆ. ಮಾತ್ರೆ ಬದಲಿಗೆ ಅಲ್ಲ, ಮಾತ್ರೆ ಜೊತೆಗೆ. ಅವನು ಒಪ್ಕೊಂಡ, ಒಪ್ಕೊಂಡ ತಕ್ಷಣ "ಹಂಗಾದ್ರೆ ಅಪ್ಪನ್ನ ಯೂಟ್ಯೂಬಿಗೆ ಹಾಕೋಣ, ಚಾನಲ್ ಮಾಡ್ತೀನಿ" ಅಂದ. ಪ್ರೀತಿಯಿಂದಾನೇ ಹೇಳಿದ್ದು. ಸದ್ಯಕ್ಕೆ ಬೇಡಪ್ಪ ಅಂದೆ. ಈಗ ಯಾರು ಏನೇ ಮಾಡಿದ್ರೂ, ಒಂದು ರಂಗೋಲಿ ಹಾಕಿದ್ರೂ ಒಂದು ಬ್ಲೌಸಿಗೆ ವರ್ಕ್ ಮಾಡಿದ್ರೂ ರೀಲ್ಸ್ ಮಾಡಿ, ಆರ್ಡರ್ ತಗೊಳಿ ಅಂತಾರೆ. 1973ರಲ್ಲಿ ಅಮೆರಿಕದ ಸಂಶೋಧಕರು ಚಿತ್ರ ಬಿಡಿಸೋದು ಇಷ್ಟಪಡೋ ಪುಟ್ಟ ಮಕ್ಕಳಿಗೆ, ಬಿಡಿಸಿದ್ರೆ ಬಹುಮಾನ ಕೊಡ್ತೀವಿ ಅಂತ ಮೊದಲೇ ಹೇಳಿ ಬಿಡಿಸಿದ್ರು. ಆಮೇಲೆ ಅವ್ರಷ್ಟಕ್ಕೆ ಬಿಟ್ಟಾಗ ಆ ಮಕ್ಕಳು ಬೇರೆ ಮಕ್ಕಳಿಗಿಂತ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬಿಡಿಸಿದ್ರು. ತೋಟದ ಬದು ಮೇಲೆ ಯಾರೂ ಇಲ್ಲದಾಗ ಹಾಡಿದ ಮನುಷ್ಯನಿಗೆ ಈಗ ವ್ಯೂಸ್ ಎಷ್ಟು ಬಂತು ಅಂತ ನೋಡೋ ಅಭ್ಯಾಸ ಹಿಡಿಸೋದು ಬೇಡ. ದುಡ್ಡು ಬೇಕಾಗಿ ಕಲೆಯನ್ನ ಕಸುಬು ಮಾಡ್ಕೊಳೋರ ವಿಷಯ ಬೇರೆ, ಅದರ ಬಗ್ಗೆ ನಂಗೆ ಗೌರವನೇ ಇದೆ.

ಎರಡ್ನೇದು ಜನ. ಭಾನುವಾರ ಗುಬ್ಬಿ ಬಸ್ ಹತ್ತಿ, ಊರಿನ ಪ್ರಾಕ್ಟೀಸ್ ಮನೆಗೆ ಹೋಗಿ ಅಂದೆ. ಪಾತ್ರ ಇಲ್ದೇ ಯಾವ ಮುಖ ಇಟ್ಕೊಂಡು ಹೋಗ್ಲಿ ಅಂತ ಬಹಳ ಒದ್ದಾಡಿದ್ರು. ಪ್ರಾಂಪ್ಟ್ ಮಾಡೋಕೆ, ಅಂದ್ರೆ ಮರೆಯಲ್ಲಿ ನಿಂತು ಮಾತು ನೆನಪಿಸೋಕೆ ಹೋಗಿ, ಹುಡುಗ್ರಿಗೆ ಎಲ್ಲಿ ಉಸಿರು ತಗೋಬೇಕು ತೋರಿಸಿಕೊಡಿ ಅಂದೆ. ದುರ್ಯೋಧನ ಆಗಿದ್ದ ಹುಡುಗನೇ ಬಂದು "ಮಾವ, ಈ ಮಟ್ಟು ಹತ್ತಿಲ್ಲ, ಹೇಳ್ಕೊಡಿ" ಅಂದನಂತೆ. ಅವತ್ತಿನ ಪೇಜಲ್ಲಿ ಏಳು ಅಂತ ಬರ್ಕೊಂಡು ಬಂದಿದ್ರು.

ಮೂರ್ನೇದು ದುಡ್ಡು, ಇದನ್ನ ಮೂರೂ ಜನ ಕೂತು ಬರ್ಕೊಂಡ್ರು. ಸಾಲ ಮಾಡಿ, ಒಡವೆ ಇಟ್ಟು ಪಾತ್ರ ತಗೊಳೋ ಹಾಗಿಲ್ಲ. ತೆಂಗಿನಕಾಯಿ ದುಡ್ಡಲ್ಲಿ ತಿಂಗಳಿಗೆ ಇಷ್ಟು ಅಂತ ಬೇರೆ ತೆಗೆದಿಡೋದು, ಅದು ಸೇರಿದ್ರೆ ಪಾತ್ರ, ಸೇರದಿದ್ರೆ ಚಿಕ್ಕ ಪಾತ್ರ, ಅದೂ ಆಗದಿದ್ರೆ ಪ್ರಾಂಪ್ಟಿಂಗ್. ಅಷ್ಟೇ ದುಡ್ಡು ಅಮ್ಮನ ಹೆಸರಲ್ಲೂ ತೆಗೆದಿಡ್ಬೇಕು, ಅದನ್ನ ಏನ್ ಮಾಡ್ತೀರಿ ಅಂತ ಯಾರೂ ಕೇಳೋ ಹಾಗಿಲ್ಲ.

ಅಮ್ಮನನ್ನ ಬೇರೆಯಾಗಿ ಕರೆದಿದ್ದೆ. ನಿಮಗೇನು ಇಷ್ಟ ಅಂದ್ರೆ, ನಂಗೇನು ಬರುತ್ತೆ ಮೇಡಂ, ಅಡುಗೆ ಮಾಡ್ಕೊಂಡಿರೋಳು ಅಂದ್ರು. ಬಿಡಿಸಿ ಬಿಡಿಸಿ ಕೇಳಿದ್ಮೇಲೆ ಗೊತ್ತಾಯ್ತು, ಊರಲ್ಲಿ ಹಸೆಗೆ ಕೂರಿಸಿದ್ರೆ ಸೋಬಾನೆಗೆ ಮೊದಲ ದನಿ ಇವರದೇ. ಈಗ ಕಲ್ಯಾಣ ಮಂಟಪಗಳಲ್ಲಿ ಆರ್ಕೆಸ್ಟ್ರಾ ಇರುತ್ತೆ, ಸೋಬಾನೆ ಯಾರೂ ಕೇಳಲ್ಲ, ಇವರೂ ಬಿಟ್ರು. ಗಂಡ ಹಾಡ್ತಾನೆ ಅಂತ ಊರಿಗೆಲ್ಲ ಗೊತ್ತು, ಹೆಂಡ್ತಿ ಹಾಡ್ತಾಳೆ ಅಂತ ಮಗನಿಗೇ ಗೊತ್ತಿರ್ಲಿಲ್ಲ. ಈಗ ದನಿ ಹೋಗಿದೆ ಅಂತ ಹಿಂಜರಿದ್ರು. 2016ರಲ್ಲಿ ಒಂದು ಅಧ್ಯಯನ ಬಂತು, 39 ಜನಕ್ಕೆ ಮುಕ್ಕಾಲು ಗಂಟೆ ಬಣ್ಣ, ಜೇಡಿಮಣ್ಣು ಕೊಟ್ಟು ಏನಾದ್ರೂ ಮಾಡಿ ಅಂದ್ರೆ, ಮುಕ್ಕಾಲು ಪಾಲು ಜನರಲ್ಲಿ ಒತ್ತಡದ ಹಾರ್ಮೋನು ಕಮ್ಮಿ ಆಗಿತ್ತು, ಮೊದಲೇ ಕಲಿತವ್ರು ಕಲಿಯದವ್ರು ಅನ್ನೋ ಭೇದ ಇರ್ಲಿಲ್ಲ. ಅದನ್ನ ಹೇಳ್ದೆ, ದನಿ ಚೆನ್ನಾಗಿರ್ಬೇಕು ಅಂತ ಏನಿಲ್ಲಮ್ಮ ಅಂದೆ. ಭಜನಾ ಮಂಡಳಿಗೆ ಸೇರಿ ಅಂದಿದ್ದು ಅವ್ರಿಗೆ ಹಿಡಿಸ್ಲಿಲ್ಲ, ಅಲ್ಲಿ ಹಾಡೋದೇ ಬೇರೆ ಅಂದ್ರು. ಅವರೇ ದಾರಿ ಹುಡುಕಿದ್ರು. ಅವರೆಕಾಯಿ ಸೀಸನ್ನಲ್ಲಿ ಮೊಮ್ಮಗಳನ್ನ ಪಕ್ಕಕ್ಕೆ ಕೂರಿಸ್ಕೊಂಡು ಬೇಳೆ ಹಿತಕ್ತಾ ಒಂದೊಂದೇ ಸಾಲು ಹೇಳ್ಕೊಡ್ತಿದ್ದಾರೆ.

ಈಗಿನ ಸ್ಥಿತಿ ಹೇಳ್ಬೇಕು ಅಂದ್ರೆ, ಯಜಮಾನ್ರ ಸ್ಕೋರು 16ರಿಂದ 7ಕ್ಕೆ ಬಂದಿದೆ, ಮಾತ್ರೆ ಇನ್ನೂ ನಡೀತಿದೆ, ಡಾಕ್ಟ್ರು ಹೇಳೋವರ್ಗೂ ನಿಲ್ಲಿಸಲ್ಲ. ಹಾಡೋಕೆ ಮಗ ಟೆರೇಸಲ್ಲಿ ನೀರಿನ ಟ್ಯಾಂಕ್ ಪಕ್ಕ ಜಾಗ ಮಾಡ್ಕೊಟ್ಟಿದ್ದಾನೆ, ಸಂಜೆ ಆರರಿಂದ ಏಳು ಅಂತ ಓನರ್ ಹತ್ರ ಮಾತಾಡಿ ಒಪ್ಪಿಸಿದ್ದಾನೆ. ಓಲೆ ವಿಷಯ ಪೂರ್ತಿ ಮುಗಿದಿಲ್ಲ, ಅಮ್ಮ ಆಗಾಗ ಎತ್ತುತ್ತಾರೆ, ಇವರು ಈಗ ಎದ್ದು ಹೋಗದೆ ಕೂತು ಕೇಳ್ತಾರೆ.

ನಿಮ್ಮ ಮನೆಯಲ್ಲಿ ಯಾರಾದ್ರೂ ಹೀಗೆ ಏನೂ ಬೇಡ ಅಂತ ಕೂತಿದ್ರೆ, ಮೊದಲು ಏನ್ ಮಾಡ್ತಿದ್ರು, ಯಾವಾಗ ಬಿಟ್ರು ಅಂತ ಕೂತು ಕೇಳಿ. ಎರಡು ವಾರ ದಾಟಿ ನಿದ್ದೆ ಊಟ ಕೆಟ್ಟಿದ್ರೆ, ಸಾಯೋ ಮಾತು ಬಂದ್ರೆ, ತಡ ಮಾಡದೆ ಡಾಕ್ಟ್ರ ಹತ್ರ ಕರ್ಕೊಂಡು ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಲ್ಲಿ ಬೇಕಾದ್ರೂ ಫೋನ್ ಮಾಡ್ಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ.