ಪ್ರಿಂಟ್ ಆಗುವ ಪದವನ್ನು ತಿದ್ದಲು ಹೋದರೆ ಸೆಗ್ಮೆಂಟೇಶನ್ ಫಾಲ್ಟ್ ಏಕೆ ಬರುತ್ತದೆ?

ನಿಮ್ಮ ಪಾಯಿಂಟರ್ (ಮೆಮೊರಿ ವಿಳಾಸವನ್ನು ಹಿಡಿದಿಡುವ ಚರ) ತಪ್ಪಲ್ಲ. ಅದು ತೋರಿಸುವ ಮೆಮೊರಿ ಪುಟಕ್ಕೆ ಓದುವ ಅನುಮತಿ ಮಾತ್ರ ಇದೆ. ರಾಯಚೂರಿನ ಲ್ಯಾಬಿನಲ್ಲಿ ಲಿನಕ್ಸ್ ಮೇಲೆ ನೀವು ಬರೆದ ಸಿ ಪ್ರೋಗ್ರಾಂ "ತುಂಗಭದ್ರಾ" ಎಂಬ ಪದವನ್ನು ಸರಿಯಾಗಿ ಪ್ರಿಂಟ್ ಮಾಡಿ, ಅದರ ಮೊದಲ ಬೈಟನ್ನು ಬದಲಿಸುವ ಸಾಲಿನಲ್ಲಿ ನಿಂತುಹೋದದ್ದು ಇದೇ ಕಾರಣಕ್ಕೆ.

ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್, ಮೆಮೊರಿಯನ್ನು ಸಾಮಾನ್ಯವಾಗಿ 4096 ಬೈಟ್‌ಗಳ ಪುಟಗಳಾಗಿ ವಿಂಗಡಿಸಿ, ಪ್ರತಿ ಪುಟದ ಅನುಮತಿಯನ್ನು ಪೇಜ್ ಟೇಬಲ್ ಎಂಬ ಕೋಷ್ಟಕದಲ್ಲಿ ನಮೂದಿಸುತ್ತದೆ. 64-ಬಿಟ್ ಇಂಟೆಲ್ ಮತ್ತು ಎಎಂಡಿ ಪ್ರೊಸೆಸರ್‌ಗಳಲ್ಲಿ ಆ ನಮೂದಿನ ಬಿಟ್ 1 ಸೊನ್ನೆಯಾಗಿದ್ದರೆ ಬರೆಯುವಂತಿಲ್ಲ, ಬಿಟ್ 63 ಒಂದಾಗಿದ್ದರೆ ಅಲ್ಲಿರುವುದನ್ನು ಕೋಡ್ ಆಗಿ ಚಲಾಯಿಸುವಂತಿಲ್ಲ. ಬಹಳ ಮಂದಿ ತಪ್ಪು ತಿಳಿಯುವುದು ಇಲ್ಲಿಯೇ: ಪ್ರತಿ ಸಲ ಈ ಅನುಮತಿಯನ್ನು ಪರಿಶೀಲಿಸುವುದು ಕರ್ನಲ್ ಅಲ್ಲ, ಪ್ರೊಸೆಸರ್. ಅನುಮತಿ ಇಲ್ಲವೆಂದು ಕಂಡೊಡನೆ ಅದು ಬರವಣಿಗೆಯನ್ನು ತಡೆದು, ಪೇಜ್ ಫಾಲ್ಟ್ ಎಬ್ಬಿಸಿ, ಮುಂದಿನ ತೀರ್ಮಾನವನ್ನು ಕರ್ನಲ್‌ಗೆ ಒಪ್ಪಿಸುತ್ತದೆ.

ಪೇಜ್ ಫಾಲ್ಟ್ ಎಂದರೆ ಯಾವಾಗಲೂ ಅಪರಾಧವಲ್ಲ. ಫೋರ್ಕ್ ಆದ (ಒಂದು ಪ್ರಕ್ರಿಯೆ ತನ್ನದೇ ನಕಲನ್ನು ಸೃಷ್ಟಿಸಿದ) ನಂತರ ಎರಡು ಪ್ರಕ್ರಿಯೆಗಳು ಹಂಚಿಕೊಂಡ ಪುಟಕ್ಕೆ ಒಂದು ಬರೆಯಹೋದರೆ, ಕರ್ನಲ್ ಅದಕ್ಕೆ ಬೇರೆ ಪ್ರತಿ ಮಾಡಿಕೊಟ್ಟು ಕೆಲಸ ಮುಂದುವರಿಸುತ್ತದೆ. ನಿಮ್ಮ ಪದವಿರುವ ಪುಟಕ್ಕಾದರೋ ಬರೆಯುವ ಹಕ್ಕು ಮೂಲದಲ್ಲೇ ಇಲ್ಲ. ಆದ್ದರಿಂದ ಪ್ರೋಗ್ರಾಂಗೆ ಸಿಗ್‌ಸೆಗ್‌ವಿ ಸಂಕೇತ ಬಂದು, ಅದು ಸೆಗ್ಮೆಂಟೇಶನ್ ಫಾಲ್ಟ್ ಎಂದು ನಿಂತುಹೋಗುತ್ತದೆ. ಪಾಯಿಂಟರ್ ಬದಲು ಅರೇ (ಅಕ್ಷರಗಳ ಸಾಲು) ಆಗಿ ಘೋಷಿಸಿದರೆ ಪದದ ಒಂದು ಪ್ರತಿ ಬರೆಯಬಹುದಾದ ಪುಟದಲ್ಲಿ ನಿಲ್ಲುತ್ತದೆ, ಅದನ್ನು ತಿದ್ದಬಹುದು.