ಭಾಷಣಕ್ಕೆ ಹೆದರದವರು ಟೀ ಬ್ರೇಕಿಗೆ ಹೆದರಿದ್ದು

ತುಮಕೂರಿನಲ್ಲಿ ಆಪ್ತಸಮಾಲೋಚಕಿಯಾಗಿ ಕೂತ ನನ್ನ ಬಳಿಗೆ ಸಾಫ್ಟ್‌ವೇರ್‌ನವರು ಬರುವುದು ಹೊಸದಲ್ಲ. ನಿದ್ದೆ ಇಲ್ಲ, ಮ್ಯಾನೇಜರ್ ಕಾಟ, ಬೆಂಗಳೂರಿನ ಓಡಾಟ ಸಾಕಾಯ್ತು ಅನ್ನುವವರೇ ಹೆಚ್ಚು. ಮಂಜು ಬಂದದ್ದು ಹೆಂಡತಿಯ ಒತ್ತಾಯಕ್ಕೆ. (ಹೆಸರು, ಊರು, ಕೆಲಸದ ವಿವರ ಬದಲಿಸಿದ್ದೇನೆ, ಬರೆಯಲು ಇಬ್ಬರ ಒಪ್ಪಿಗೆಯೂ ಇದೆ.) ವಯಸ್ಸು ಮೂವತ್ತರ ಮೇಲೆ, ಗುಬ್ಬಿ ಕಡೆಯವರು, ಹಗಲು ಕಂಪನಿ ಕೆಲಸ. ರಾತ್ರಿ ಒಂದು ಓಪನ್ ಸೋರ್ಸ್ ತಂತ್ರಾಂಶಕ್ಕೆ, ಅಂದರೆ ಯಾರು ಬೇಕಾದರೂ ನೋಡಿ, ತಿದ್ದಿ, ಬಳಸಬಹುದಾದ ತಂತ್ರಾಂಶಕ್ಕೆ, ಸಂಬಳವಿಲ್ಲದೆ ಕೋಡ್ ಬರೆಯುತ್ತಾರೆ. ಅದರ ಬಗ್ಗೆ ಟೆಕ್ ಸಮ್ಮೇಳನಗಳಲ್ಲಿ ಮಾತಾಡಲು ಕರೆ ಬರುತ್ತದೆ, ಹೋಗುತ್ತಾರೆ.

"ಹೋಗೋದು ಬೇಡ ಅಂದಿಲ್ಲ ಮೇಡಂ," ಎಂದರು ಹೆಂಡತಿ. "ವೀಸಾ, ಟಿಕೆಟ್ಟು, ರಜೆ ಎಲ್ಲಾ ಖರ್ಚಾಗಿ ಬಂದ್ಮೇಲೆ ಮೂರು ದಿನ ಮುಖ ಗಂಟು. ಕೇಳಿದ್ರೆ 'ಚೆನ್ನಾಗಾಯ್ತು' ಅಂತಾರೆ. ಚೆನ್ನಾಗಾದೋರ ಮುಖ ಹಂಗಿರುತ್ತಾ?"

ಮಂಜು ಮೊದಲ ಭೇಟಿಯಲ್ಲಿ ಹೇಳಿದ್ದು ಪ್ರಯಾಣದ ಸುಸ್ತು ಅಂತ. ಆ ಸಲ ಹೋಗಿದ್ದು ಬೆಲ್ಜಿಯಂನ ಬ್ರಸೆಲ್ಸ್‌ಗೆ. ಚಳಿಗಾಲದಲ್ಲಿ ಅದು ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ಅಷ್ಟಕ್ಕೆ ಮೂರು ದಿನ ಮಾತು ನಿಲ್ಲುವುದಿಲ್ಲ. ಎರಡನೇ ಭೇಟಿಗೆ ಒಬ್ಬರೇ ಬಂದಾಗ ವಿಷಯ ಹೊರಬಿತ್ತು.

ಅವರು ಹೋಗಿದ್ದು ಫಾಸ್ಡೆಮ್‌ಗೆ. 2000ದಲ್ಲಿ ಶುರುವಾದ, ಬ್ರಸೆಲ್ಸ್‌ನ ವಿಶ್ವವಿದ್ಯಾಲಯವೊಂದರ ಕ್ಯಾಂಪಸ್ಸಿನಲ್ಲಿ ವಾರಾಂತ್ಯ ನಡೆಯುವ ಓಪನ್ ಸೋರ್ಸ್ ಜಾತ್ರೆ ಅದು. ಟಿಕೆಟ್ ಇಲ್ಲ, ನೋಂದಣಿಯೂ ಇಲ್ಲ, ಸಾವಿರಾರು ಜನ. ಮಂಜು ಅವರ ಭಾಷಣಕ್ಕೆ ಕೋಣೆ ತುಂಬಿತ್ತು, ಕೇಳಿದ ಪ್ರಶ್ನೆಗಳಿಗೂ ಸಲೀಸಾಗಿ ಉತ್ತರಿಸಿದರು. ಮುಗಿದ ಕೂಡಲೇ ಲ್ಯಾಪ್‌ಟಾಪಿನ ವೈರ್ ಸುತ್ತಿ, ಯಾರ ಮುಖವನ್ನೂ ನೋಡದೆ ಟ್ರಾಮ್ ಹತ್ತಿ ಹೋಟೆಲಿಗೆ ಬಂದರು. ಹೆಂಡತಿ ಕಟ್ಟಿಕೊಟ್ಟಿದ್ದ ಅವಲಕ್ಕಿಗೆ ಬಿಸಿನೀರು ಹಾಕಿ, ಚಟ್ನಿಪುಡಿ ಕಲಸಿ ತಿಂದು ಮಲಗಿದರು. ಎಷ್ಟೋ ವರ್ಷದಿಂದ ಇವರ ಕೋಡನ್ನು ತಿದ್ದುತ್ತಾ ಬಂದಿದ್ದ ಹಿರಿಯ ಡೆವಲಪರ್ ಒಬ್ಬರು ಅದೇ ಕಟ್ಟಡದಲ್ಲಿದ್ದರು. ಅವರಿಗೆ ಒಂದು ನಮಸ್ಕಾರ ಹೇಳಲೂ ಆಗಲಿಲ್ಲ. ಮನೆಗೆ ಬಂದ ಮೇಲೆ ಮುಖ ಗಂಟಾಗಿದ್ದು ಅದಕ್ಕೆ. ಜೊತೆಗೆ ಇನ್ನೊಂದು ಸಮ್ಮೇಳನಕ್ಕೆ ಅರ್ಜಿ: ಈ ಸಲವಾದರೂ ಮಾತಾಡಿಸ್ತೀನಿ ಅಂತ.

ಸಭಾಕಂಪನ ಅನ್ನುವುದು ಎಲ್ಲರಿಗೂ ಗೊತ್ತು. ವೇದಿಕೆ ಹತ್ತಿದಾಗ ಮಾತ್ರ ಕಾಡುವ ಸಾಮಾಜಿಕ ಆತಂಕವನ್ನು ಮಾನಸಿಕ ಕಾಯಿಲೆಗಳನ್ನು ಗುರುತಿಸಲು ವೈದ್ಯರು ಬಳಸುವ 2013ರ ಡಿಎಸ್‌ಎಂ-5 ಕೈಪಿಡಿ ಬೇರೆಯಾಗಿಯೇ ಗುರುತಿಸುತ್ತದೆ. ಮಂಜು ಅವರದು ಅದರ ತಿರುವುಮುರುವು. ವೇದಿಕೆಯಲ್ಲಿ ಸ್ಲೈಡ್ ಇದೆ, ಮೈಕ್ ಇದೆ, ಇಷ್ಟು ನಿಮಿಷ ಅಂತ ಲೆಕ್ಕ ಇದೆ. ಟೀ ಬ್ರೇಕಿನಲ್ಲಿ ಇದ್ಯಾವುದೂ ಇಲ್ಲ. ಮದುವೆ ಮನೆಗಳಲ್ಲಿ ಏನು ಮಾಡ್ತೀರಿ ಎಂದು ಕೇಳಿದೆ. ನಾಚಿಕೊಂಡು, "ಸಾರಿನ ಬಕೆಟ್ ಹಿಡ್ಕೊಂಡು ಬಡಿಸೋಕೆ ನಿಂತುಬಿಡ್ತೀನಿ ಮೇಡಂ" ಎಂದರು. ನೆಂಟರೆಲ್ಲ ಹುಡುಗ ಎಷ್ಟು ಕೆಲಸದವನು ಅಂತ ಹೊಗಳುತ್ತಾರಂತೆ!

ಕ್ಲಾರ್ಕ್ ಮತ್ತು ವೆಲ್ಸ್ ಎಂಬ ಮನಶ್ಶಾಸ್ತ್ರಜ್ಞರು 1995ರಲ್ಲಿ ವಿವರಿಸಿದ ವಿಷವರ್ತುಲ ಇಲ್ಲಿ ಕಣ್ಣಿಗೆ ಕಾಣುವಂತಿತ್ತು. ಆತಂಕ ಆದವರು ತಮ್ಮನ್ನೇ ಒಳಗಿಂದ ಗಮನಿಸುತ್ತಾರೆ, ಬಚಾವಾಗಲು ಏನಾದರೊಂದು ಆಸರೆ ಹಿಡಿಯುತ್ತಾರೆ, ಆ ಆಸರೆಯೇ ಭಯವನ್ನು ಸಾಕುತ್ತದೆ. ಮಂಜು ಅವರ ಆಸರೆ ಫೋನು. ಬ್ರೇಕಿನಲ್ಲಿ ಗೋಡೆಗೆ ಒರಗಿ ಸ್ಕ್ರೀನ್ ತಿಕ್ಕುತ್ತಾ ನಿಂತರೆ, ಪಾಪ ಬ್ಯುಸಿ ಇದ್ದಾರೆ ಅಂತ ಜನ ದಾಟಿ ಹೋಗುತ್ತಾರೆ. ನನ್ನನ್ನು ಯಾರೂ ಮಾತಾಡಿಸಲ್ಲ ಅಂತ ಇವರ ತೀರ್ಮಾನ.

"ನಂದು ಗುಬ್ಬಿ ಇಂಗ್ಲಿಷ್ ಮೇಡಂ" ಎಂಬುದು ಇನ್ನೊಂದು ಅಳುಕು. ಬ್ರಸೆಲ್ಸ್‌ನಲ್ಲಿ ಸೇರುವ ಬಹುಪಾಲು ಜನರಿಗೂ ಇಂಗ್ಲಿಷ್ ಮನೆಮಾತಲ್ಲ ಎಂದು ನೆನಪಿಸಿದೆ. ಅಮೆರಿಕದಲ್ಲಿ 2000ದಲ್ಲಿ ಪ್ರಕಟವಾದ ಪ್ರಯೋಗವನ್ನೂ ಹೇಳಿದೆ: ಮುಜುಗರ ತರುವ ಚಿತ್ರದ ಟೀ ಶರ್ಟ್ ತೊಡಿಸಿ ವಿದ್ಯಾರ್ಥಿಗಳನ್ನು ಒಂದು ಕೋಣೆಗೆ ಕಳಿಸಿದರು. ಅಲ್ಲಿದ್ದ ಅರ್ಧದಷ್ಟು ಜನ ಗಮನಿಸಿರುತ್ತಾರೆ ಅಂತ ತೊಟ್ಟವರ ಅಂದಾಜು. ನಿಜಕ್ಕೂ ಗಮನಿಸಿದವರು ಕಾಲುಭಾಗದಷ್ಟು.

ನಡುವೆ ಒಂದು ಮಾತ್ರೆಯ ವಿಷಯ ಬಂತು. ಎದೆ ಡವಡವ ನಿಲ್ಲಲು ಸಹೋದ್ಯೋಗಿಯೊಬ್ಬರು ಪ್ರೊಪ್ರನಲಾಲ್ ಪಟ್ಟಿ ಕೊಟ್ಟಿದ್ದರಂತೆ. ಮಂಜು ಅವರಿಗೆ ಚಿಕ್ಕಂದಿನಿಂದ ಉಬ್ಬಸ. ಉಬ್ಬಸ ಇರುವವರಿಗೆ ಈ ಮಾತ್ರೆ ಉಸಿರಾಟವನ್ನೇ ಬಿಗಿ ಮಾಡಬಹುದು. ಮುಟ್ಟಬೇಡಿ, ಡಾಕ್ಟರಿಗೆ ತೋರಿಸಿ ಎಂದೆ. ಈ ಒಂದು ವಿಷಯದಲ್ಲಿ ನಾನು ನಯವಾಗಿ ಮಾತಾಡಲಿಲ್ಲ.

ದಾರಿ ಸಿಕ್ಕಿದ್ದು ಅವರ ರೈಲಿನಲ್ಲಿ. ವಾರಕ್ಕೆರಡು ದಿನ ಪಾಸ್‌ನವರ ಬೋಗಿಯಲ್ಲಿ ಯಶವಂತಪುರಕ್ಕೆ ಹೋಗುತ್ತಾರೆ. ಅಲ್ಲಿ ಬಾಯಿ ಬಿಡ್ತೀರಾ ಎಂದರೆ, "ಅಯ್ಯೋ, ಅಲ್ಲಿ ಚಿಕ್ಕಬಾಣಾವರ ಬರೋವರೆಗೂ ಹರಟೆ!" ಮೊದಲ ದಿನ ಆ ಗುಂಪಿಗೆ ಹೇಗೆ ಸೇರಿದಿರಿ? ಯಾರೋ "ಸ್ವಲ್ಪ ಸರ್ಕೊಳ್ಳಿ ಸಾರ್, ಅವ್ರೂ ಕೂತ್ಕೊಳ್ಳಲಿ" ಅಂದರು, ಕೂತೆ. ಹೆಸರು ಗೊತ್ತಾಗಿದ್ದು ತಿಂಗಳಾದ ಮೇಲೆ. ತಂತ್ರಾಂಶಗಳಿಗೆ ಕೈಪಿಡಿ ಬರೆಯುವವರ ರೈಟ್ ದ ಡಾಕ್ಸ್ ಸಮ್ಮೇಳನ ಕಟ್ಟಿದವರಲ್ಲೊಬ್ಬರಾದ ಎರಿಕ್ ಹೋಲ್ಶರ್ 2017ರಲ್ಲಿ ಬರೆದ 'ಪ್ಯಾಕ್‌ಮ್ಯಾನ್ ನಿಯಮ' ಹೇಳುವುದೂ ಇದನ್ನೇ: ಗುಂಪಾಗಿ ನಿಂತು ಮಾತಾಡುವಾಗ ವಿಡಿಯೋ ಗೇಮಿನ ಬಾಯ್ತೆರೆದ ಪ್ಯಾಕ್‌ಮ್ಯಾನ್ ಹಾಗೆ, ಇನ್ನೊಬ್ಬರು ಬಂದು ಸೇರುವಷ್ಟು ಜಾಗ ಬಿಟ್ಟು ನಿಲ್ಲಿ. ಮಂಜು ಆ ನಿಯಮವನ್ನು ಓದಿದ್ದರು, ತಮ್ಮ ಬೋಗಿಗೂ ಅದಕ್ಕೂ ಸಂಬಂಧ ಕಟ್ಟಿರಲಿಲ್ಲ. ರೈಲಿನಲ್ಲಿ ಪರಿಚಯ ಹೇಳಿಕೊಳ್ಳದೆ, ನಡೆಯುತ್ತಿದ್ದ ಮಾತಿಗೇ ಕಿವಿಗೊಟ್ಟು ಕೂತಿದ್ದರಲ್ಲ, ಸಮ್ಮೇಳನದಲ್ಲೂ ಹಾಗೇ ನಿಲ್ಲಿ ಎಂದೆ.

ಬಳಿಕ ಕೊಟ್ಟ ಸಲಹೆಗಳಲ್ಲಿ ಅವರಿಗೆ ತೀರಾ ಕಷ್ಟವಾಗಿದ್ದು ಒಂದು: ಬೆಂಗಳೂರಿನಲ್ಲಿ ಟೆಕ್ ಮಂದಿ ಸೇರುವ ತಿಂಗಳ ಮೀಟಪ್‌ಗೆ ಭಾಷಣಕಾರರಾಗಿ ಹೋಗಬೇಡಿ, ಕೇಳುಗರಾಗಿ ಹೋಗಿ. ಫೋನು ಬ್ಯಾಗಿನಲ್ಲಿರಲಿ. ಹೋಗುವ ಮುಂಚೆ ನಿಮ್ಮ ಭಯವನ್ನು ಒಂದು ಸಾಲು ಬರೆದಿಡಿ. ಅವರು ಬರೆದದ್ದು: "ಮೂವರು ನಿಂತಲ್ಲಿಗೆ ಹೋದರೆ ಮಾತು ನಿಲ್ಲಿಸಿ ನನ್ನನ್ನೇ ನೋಡುತ್ತಾರೆ." ಒಂದು ಗುಂಪಿನಲ್ಲಿ ಯಾರೋ ಅರ್ಧ ಹೆಜ್ಜೆ ಸರಿದು ಜಾಗ ಕೊಟ್ಟು ಮಾತು ಮುಂದುವರಿಸಿದರು. ಇನ್ನೊಂದು ಗುಂಪು ನಿಜವಾಗಿಯೂ ಚದುರಿತು. ಒಳಗೆ ಮುಂದಿನ ಭಾಷಣ ಶುರುವಾಗಿತ್ತು. ಎರಡನ್ನೂ ಬರೆದುಕೊಳ್ಳಲು ಹೇಳಿದೆ.

ಭಾಷಣ ಇರುವ ಕಡೆ ಕೊನೆಯ ಸ್ಲೈಡಿನಲ್ಲಿ ಬರೀ ಥ್ಯಾಂಕ್ಸ್ ಬೇಡ. ಬಿಡಿಸಲಾಗದ ಒಂದು ತೊಡಕನ್ನು ಬರೆದು, "ಬ್ರೇಕಿನಲ್ಲಿ ಬಾಗಿಲ ಹತ್ತಿರ ಇರ್ತೀನಿ, ಗೊತ್ತಿದ್ದವರು ಹೇಳಿ" ಎನ್ನಿ. ಆಗ ಜನರೇ ಬರುತ್ತಾರೆ, ಮಾತಿಗೆ ವಿಷಯವೂ ಕೈಯಲ್ಲಿರುತ್ತದೆ. ಸ್ವಯಂಸೇವಕರಾಗಿ ಬ್ಯಾಡ್ಜ್ ಹಂಚಲಾ ಎಂದು ಕೇಳಿದರು. ಅದು ಸಾರಿನ ಬಕೆಟ್ಟೇ, ಆದರೂ ಮೊದಲ ಸಲಕ್ಕೆ ಇರಲಿ ಎಂದೆ. ಬ್ಯಾಡ್ಜ್ ಕೊಡುವಾಗ ಒಂದು ಮಾತಾದರೂ ಆಡಲೇಬೇಕಲ್ಲ. ರೂಮಿಗೆ ಹೋಗಿ ಮಲಗುವುದೂ ತಪ್ಪಲ್ಲ. ಇಷ್ಟು ಗಂಟೆಗೆ ಹೋಗ್ತೀನಿ ಅಂತ ಬೆಳಿಗ್ಗೆಯೇ ನಿರ್ಧರಿಸಿದ್ದರೆ ಅದು ವಿಶ್ರಾಂತಿ. ಎದೆ ಹೊಡೆದುಕೊಂಡ ಕೂಡಲೇ ಎದ್ದು ಹೋದರೆ ಭಯಕ್ಕೆ ಇನ್ನೊಂದು ಗೆಲುವು.

ಹೆಂಡತಿಯೊಂದಿಗೆ ಕೂತು ಖರ್ಚಿನ ಲೆಕ್ಕವನ್ನೂ ಮಾಡಿದೆವು. ಬೆಲ್ಜಿಯಂ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ಆದ ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ರಕ್ಷಣೆಯ ಪ್ರಯಾಣ ವಿಮೆ ಬೇಕು. ಶುಲ್ಕ, ಟಿಕೆಟ್, ಹೋಟೆಲ್ ಬೇರೆ. ಹಲವು ಸಮ್ಮೇಳನಗಳಲ್ಲಿ ಭಾಷಣಕಾರರಿಗೆ ಪ್ರಯಾಣ ನೆರವು ಇರುತ್ತದೆ. ಮಂಜು ಸಂಕೋಚಕ್ಕೆ ಒಮ್ಮೆಯೂ ಕೇಳಿರಲಿಲ್ಲ. ಅರ್ಜಿ ಹಾಕುವಾಗಲೇ ಕೇಳಬೇಕು, ಸಿಗದಿದ್ದರೆ ಹೋಗಬೇಕೇ ಎಂದು ಇಬ್ಬರೂ ಕೂತು ತೀರ್ಮಾನಿಸಬೇಕು ಅಂತಾಯಿತು. ಈ ವರ್ಷ ಒಂದು ಕರೆಯನ್ನು ಬಿಟ್ಟರು. ನನ್ನ ಅಭಿಪ್ರಾಯದಲ್ಲಿ ಅವರಿಗೆ ಬೇಕಿದ್ದದ್ದೂ ಅದೇ. ಹಿಂದಿನ ಸೋಲು ತೀರಿಸಲು ಮುಂದಿನ ಊರಿಗೆ ಓಡುವುದಕ್ಕೆ ಕೊನೆ ಎಲ್ಲಿ? ಊರಿಗೆ ಬಂದ ಸಂಜೆ ಭಾಷಣದ ಕಥೆ ಬೇಡ, ಸಿಕ್ಕ ಒಬ್ಬ ಮನುಷ್ಯನ ಕಥೆ ಹೇಳಲಿ ಎಂಬುದು ಹೆಂಡತಿಯದೇ ಷರತ್ತು.

ಆ ಹಿರಿಯ ಡೆವಲಪರ್‌ಗೆ ಮಂಜು ಕೊನೆಗೂ ಬರೆದರು: ಅಲ್ಲೇ ಇದ್ದೆ, ಮಾತಾಡಿಸಲು ಧೈರ್ಯ ಬರಲಿಲ್ಲ. ನಾನೂ ನಿಮ್ಮ ಭಾಷಣ ಕೇಳಿ, ಏನು ಮಾತಾಡಲಿ ಅಂತ ತಿಳಿಯದೆ ಹಿಂದಿನ ಬಾಗಿಲಿಂದ ಹೋದೆ ಎಂದು ಉತ್ತರ ಬಂತು.

ಇಂಥ ಭಯದಿಂದ ಕೆಲಸಕ್ಕೇ ಹೋಗಲಾಗದ, ಊಟ ನಿದ್ದೆ ಬಿಟ್ಟ ಸ್ಥಿತಿಯಲ್ಲಿ ಇರುವವರು ನನ್ನಂಥವರಿಗೆ ಕಾಯದೆ ಮನೋವೈದ್ಯರನ್ನು ನೋಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮಂಜು ಈಗ ಬ್ರೇಕಿನಲ್ಲಿ ನಿಲ್ಲುತ್ತಾರೆ. ಸಮ್ಮೇಳನದ ರಾತ್ರಿ ಊಟಕ್ಕೆ ಇನ್ನೂ ಹೋಗುತ್ತಿಲ್ಲ. ಮುಂದಿನ ಭೇಟಿಯಲ್ಲಿ ಅದನ್ನು ತೆಗೆದುಕೊಳ್ಳಲಿದ್ದೇವೆ.